ಹಲಗೆಯ ಕೆಳಗೆ

ನಾಯಕರ ಮುಖಗಳಿಗಿಂತ ಅವರ ಚಪ್ಪಲಿಯ ಅಟ್ಟೆಗಳನ್ನೇ ಹಾರೆಯಕ್ಕ ಹೆಚ್ಚು ನೋಡಿದ್ದಳು.

ಅವಳ ಕೆಲಸ ವೇದಿಕೆಗೆ ಗುಂಡಿ ತೋಡುವುದು. ಯಾವ ಪಕ್ಷದ ಸಭೆಯಾದರೂ ಮೈದಾನಕ್ಕೆ ಮೊದಲು ಬರುವವಳು ಅವಳೇ. ಹಾರೆ ಎತ್ತಿ ಕುಕ್ಕಬೇಕು. ಸಡಿಲಾದ ಮಣ್ಣನ್ನು ಮಂಡಿಯೂರಿ ಕೈಯಿಂದ ಬಗೆಯಬೇಕು. ಮೊಣಕೈ ಮುಳುಗಿ ತೋಳು ಅರ್ಧ ಒಳಗಿಳಿದ ಮೇಲೆ ಮುಂದಿನ ಗುಂಡಿ. ಅವಳ ಅಂಗೈ ಅಂಗೈಯಾಗಿ ಉಳಿದಿರಲಿಲ್ಲ. ಉಗುರುಗಳ ಸಂದಿನ ಮಣ್ಣು ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಗಂಡ ಬಿಟ್ಟುಹೋದ ವರ್ಷ ಹಿಡಿದ ಹಾರೆ ಅದು. ಅಂದಿನಿಂದ ಅವಳಿಗೆ ಅದೇ ಹೆಸರಾಯಿತು. ಅಪ್ಪ ಅಮ್ಮ ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿಯಿತು.

ಆ ಕಸುಬಿನಲ್ಲಿ ಎರಡು ಕಟ್ಟಳೆಗಳಿದ್ದವು. ಗುಂಡಿ ತೋಡಿದವರೇ ಅದನ್ನು ಮುಚ್ಚಿ ಹೋಗಬೇಕು. ಹಿಂದೆ ಯಾರೋ ಒಂದನ್ನು ಹಾಗೇ ಬಿಟ್ಟುಹೋಗಿ, ಯಾರದೋ ಕಾಲು ಮುರಿದು, ಮೇಸ್ತ್ರಿ ಠಾಣೆ ಹತ್ತಿದ್ದನಂತೆ. ಎರಡನೆಯದು, ಸಭೆ ನಡೆಯುವಷ್ಟು ಹೊತ್ತೂ ವೇದಿಕೆಯ ಕೆಳಗೆ ಒಬ್ಬರು ಸುತ್ತಿಗೆ ಹಿಡಿದು ಕೂತಿರಬೇಕು. ಹಲಗೆಗಳು ಕದಲದಂತೆ ಕೆಳಗಿನಿಂದ ಮರದ ಬೆಣೆ ಹೊಡೆದಿರುತ್ತಾರೆ. ಮೇಲೆ ಜನ ಜಾಸ್ತಿಯಾದರೆ, ಭಾಷಣಕಾರ ಆವೇಶ ಬಂದು ಕಾಲು ಕುಟ್ಟಿದರೆ ಬೆಣೆ ಸಡಿಲವಾಗುತ್ತದೆ. ಆಗ ಕೆಳಗಿನವರು ಸದ್ದಾಗದಂತೆ ಅದನ್ನು ಮತ್ತೆ ಬಿಗಿಮಾಡಬೇಕು. ಹಾರೆಯಕ್ಕ ಕುಳ್ಳಿ, ಸಣಕಲು. ಬಗ್ಗದೆಯೇ ಹಿಡಿಸುತ್ತಾಳೆಂದು ಮೇಸ್ತ್ರಿ ಅವಳನ್ನೇ ಕೂರಿಸುತ್ತಿದ್ದ.

ಹೀಗೆ ಎಲ್ಲ ಪಕ್ಷದ ಭಾಷಣಗಳೂ ಅವಳ ನೆತ್ತಿಯ ಮೇಲೆಯೇ ನಡೆದಿದ್ದವು. ಬಡವರು ಎಂಬ ಮಾತು ಬಂದಾಗ ಎಲ್ಲರೂ ಕಾಲು ಕುಟ್ಟುತ್ತಾರೆ, ಅದೇ ಹೊತ್ತಿಗೆ ಧೂಳು ಉದುರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆ ಮಾತು ಬರುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಅವಳ ಓಣಿಯಲ್ಲಿ ಒಂದು ಶೌಚಾಲಯವಿತ್ತು. ಹಳೆಯದನ್ನು ಕೆಡವಿ ಹೊಸದು ಕಟ್ಟಿದ್ದರು. ಗೋಡೆಗೆ ಬಿಳಿ ಟೈಲ್ಸು, ಕಬ್ಬಿಣದ ಬಾಗಿಲು, ಮೇಲೆ ನೀರಿನ ಟ್ಯಾಂಕು. ಎಲ್ಲ ಮುಗಿದು ಬೀಗ ಬಿದ್ದಿತ್ತು. ಬಾಗಿಲ ಮೇಲಿನ ಫಲಕದಲ್ಲಿ ಯಾರ ಹೆಸರು ಬರಬೇಕು ಎನ್ನುವುದು ತೀರ್ಮಾನವಾಗಿರಲಿಲ್ಲ. ಆಳುವ ಪಕ್ಷದವರು ನಾವು ಕಟ್ಟಿಸಿದ್ದು ಎಂದರು. ವಿರೋಧದಲ್ಲಿದ್ದ ಎರಡು ಪಕ್ಷಗಳೂ ನಾವು ಹೋರಾಡಿದ್ದಕ್ಕೇ ಆದದ್ದು ಎಂದವು. ಒಬ್ಬರು ಹಾಕಿದ ಫಲಕವನ್ನು ಇನ್ನೊಬ್ಬರು ಕಿತ್ತರು. ತೀರ್ಮಾನವಾಗುವ ತನಕ ಇರಲಿ ಎಂದು ನಗರಸಭೆ ಬೀಗ ಹಾಕಿತು. ಬೀಗಕ್ಕೆ ತುಕ್ಕು ಹಿಡಿಯಿತು, ತೀರ್ಮಾನ ಬರಲಿಲ್ಲ.

ಗಂಡಸರಿಗೆ ಯಾವ ಗೋಡೆಯಾದರೂ ಆದೀತು. ಹೆಂಗಸರು ಬೆಳಕು ಹರಿಯುವ ಮುಂಚೆ ಐಸ್ ಕಾರ್ಖಾನೆಯ ಹಿಂದಿನ ಕೊಚ್ಚೆ ಬಯಲಿಗೆ ಹೋಗುತ್ತಿದ್ದರು. ಕಾರ್ಖಾನೆಯ ಕಾವಲುಗಾರ ಅತ್ತ ಟಾರ್ಚು ಬಿಡುತ್ತಿದ್ದ. ಬೆಳಕು ಬಿದ್ದ ಕೂಡಲೇ ಮುದುಕಿಯರೂ ಬಸುರಿಯರೂ ಎದ್ದು ನಿಲ್ಲಬೇಕು. ಬೆಳಕು ಸರಿದ ಮೇಲೆ ಮತ್ತೆ ಕೂರಬೇಕು. ಕಳ್ಳರನ್ನು ನೋಡ್ತಿದೀನಿ ಅಂತ ಅವನು ಹೇಳುತ್ತಿದ್ದ. ಓಣಿಯ ಪೊರಕೆಯಜ್ಜಿ, ಸಂತೆ ಬೀದಿ ಗುಡಿಸುವವಳು, ಒಂದು ದಿನ ಎದ್ದು ನಿಲ್ಲಲೇ ಇಲ್ಲ. ನೋಡ್ಕೋ, ಕಳ್ಳಿ ಏನು ಬಿಟ್ಟು ಹೋಗ್ತಾಳೆ ನೋಡ್ಕೋ ಅಂದಳಂತೆ. ಅದನ್ನು ಹೇಳಿಕೊಂಡು ಓಣಿಯೆಲ್ಲ ನಕ್ಕಿತು. ನಕ್ಕರೂ ಮರುದಿನ ಟಾರ್ಚು ಇತ್ತು.

ಹಾರೆಯಕ್ಕನ ಮಗಳು ಒಂಬತ್ತನೇ ತರಗತಿ. ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ನೀರು ಕುಡಿಯುವುದನ್ನೇ ಬಿಟ್ಟಳು. ತುಟಿ ಒಡೆಯಿತು. ಮುಖ ಬಾಡಿತು. ಒಂದು ದಿನ ಹೊಟ್ಟೆಯ ಕೆಳಗೆ ಕೈಯಿಟ್ಟುಕೊಂಡು ನೆಲದ ಮೇಲೆ ಮುದುಡಿ ಬಿದ್ದಳು, ಮೈ ಕೆಂಡವಾಗಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಮಾತ್ರೆ ಬರೆದಳು. ಸೋಂಕು ಮೇಲಕ್ಕೆ ಹತ್ತಿದೆ, ಹೀಗೇ ಬಿಟ್ಟರೆ ಮೂತ್ರಪಿಂಡ ಹಾಳಾಗುತ್ತದೆ ಅಂದಳು. ಮಾತ್ರೆಗಿಂತ ಮುಖ್ಯ ನೀರು, ಕೊಡಗಟ್ಟಲೆ ಕುಡೀಬೇಕು ಅಂತ ಹುಡುಗಿಯ ಕೆನ್ನೆ ತಟ್ಟಿದಳು.

"ಕುಡಿದು ಎಲ್ಲಿಗೆ ಹೋಗ್ಲಿ ಡಾಕ್ಟ್ರೇ?" ಅಂದಳು ಮಗಳು.

ಡಾಕ್ಟರಮ್ಮ ಮುಂದಿನ ಚೀಟಿ ಕರೆದಳು.

ಆ ವಾರವೇ ಹಾರೆಯಕ್ಕ ಪತ್ರ ಬರೆಸಿದಳು. ಹೇಳಿದ್ದು ಅವಳು, ಬರೆದದ್ದು ಮಗಳು, ಮಲಗಿದಲ್ಲೇ. ಬಾಗಿಲು ತೆಗೆಸಿ, ಫಲಕ ಆಮೇಲೆ ಹಾಕಿಕೊಳ್ಳಿ. ಇಷ್ಟೇ ವಿಷಯ. ಆಳುವವರಿಗೆ ಒಂದು, ವಿರೋಧದ ಎರಡು ಪಕ್ಷಗಳಿಗೆ ಒಂದೊಂದು. ಪೆಂಡಾಲು ಕಟ್ಟುವ ಜನ ಪಕ್ಷಗಳನ್ನು ವೇದಿಕೆಯ ಬಟ್ಟೆಯ ಬಣ್ಣದಿಂದ ಗುರುತಿಸುತ್ತಾರೆ. ಆ ಎರಡು ಪಕ್ಷದವರು ಅವರ ಬಾಯಲ್ಲಿ ನೇರಳೆಯವರು ಮತ್ತು ಕಂದಿನವರು.

ಉತ್ತರಗಳು ಬಂದವು. ಒಳ್ಳೆಯ ಕಾಗದ, ಮೇಲೆ ನಗುವ ಮುಖ, ಕೆಳಗೆ ಅಚ್ಚು ಹಾಕಿದ ಸಹಿ. ಕ್ರೀಡಾಂಗಣದ ಬಗೆಗಿನ ತಮ್ಮ ಆಸಕ್ತಿಗೆ ಧನ್ಯವಾದಗಳು ಎಂದು ಆಳುವ ಪಕ್ಷದವರು ಬರೆದಿದ್ದರು. ನೇರಳೆಯವರದು ಮಾನ್ಯ ಸಹೋದರರೇ ಎಂದು ಶುರುವಾಗಿತ್ತು. ತಾವು ಪ್ರಸ್ತಾಪಿಸಿರುವ ವಿಷಯದ ಬಗ್ಗೆ ನಮ್ಮ ಪಕ್ಷಕ್ಕೆ ತೀವ್ರ ಕಳಕಳಿಯಿದೆ, ಸೂಕ್ತ ಸಮಯದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಕಂದಿನವರದೂ ಅದೇ, ಕಳಕಳಿಯ ಬದಲು ಕಾಳಜಿ ಎಂದಿತ್ತು. ಮಗಳು ಮೂರನ್ನೂ ಗಟ್ಟಿಯಾಗಿ ಓದಿದಳು.

"ಅಮ್ಮ, ನಿನ್ನನ್ನ ಅಣ್ಣ ಮಾಡಿಬಿಟ್ಟಿದಾರೆ," ಅಂದಳು. ಅನೇಕ ದಿನಗಳ ಮೇಲೆ ನಕ್ಕಿದ್ದಳು. ನಕ್ಕಿದ್ದಕ್ಕೂ ಹೊಟ್ಟೆ ನೋವಾಗಿ ಬಗ್ಗಿದಳು.

ಕಾಗದ ಬೇಡ, ಮುಖ ತೋರಿಸಿ ಕೇಳೋಣ ಎಂದು ಹಾರೆಯಕ್ಕ ಕೆಲಸ ಬಿಟ್ಟು ನೇರಳೆಯವರ ಕಚೇರಿಗೆ ಹೋದಳು. ಅಲ್ಲಿನ ಕಾರ್ಯದರ್ಶಿ, ಮೀಸೆ ಚಿಗುರದ ಹುಡುಗ, ಫೋನಿನಿಂದ ತಲೆಯೆತ್ತದೆ ನಮ್ಮ ಪಕ್ಷದ ಸದಸ್ಯರಾ ಎಂದು ಕೇಳಿದ. ನಿಮ್ಮ ವೇದಿಕೆಗಳಿಗೆಲ್ಲ ಗುಂಡಿ ತೋಡಿದವಳು ಅಂದಳು. ಅವನು ಅದನ್ನು ಬರೆದುಕೊಳ್ಳಲಿಲ್ಲ. ಅಲ್ಲಿಂದ ಕಂದಿನವರ ಕಚೇರಿಗೆ ಹೋದಳು. ಅಲ್ಲೊಬ್ಬ ಹಿರಿಯರು ಕುರ್ಚಿ ಕೊಟ್ಟು ಕೂರಿಸಿದರು, ನೀರು ತರಿಸಿದರು. ಮೊದಲು ನೇರಳೆಯವರ ಹತ್ತಿರ ಹೋಗಿದ್ದಳು ಎಂದು ಗೊತ್ತಾದ ಮೇಲೆ ಅವರ ದನಿ ಬದಲಾಯಿತು. ಹಾಗಾದ್ರೆ ಅವರೇ ನೋಡ್ಕೋತಾರೆ ಬಿಡಿ ಅಂದರು. ತರಿಸಿದ ನೀರನ್ನು ಅವಳು ಕುಡಿಯದೆ ಬಂದಳು. ಮಗಳ ಚಾಳಿ ತನಗೂ ಅಂಟಿದೆ ಎಂದು ದಾರಿಯಲ್ಲಿ ಹೊಳೆಯಿತು.

ಹೀಗಿರುವಾಗ ಚುನಾವಣೆ ಹತ್ತಿರ ಬಂತು. ಯಾವನೋ ಪತ್ರಿಕೆಯವನು ತುಕ್ಕು ಹಿಡಿದ ಬೀಗದ ಚಿತ್ರ ಹಾಕಿದ. ಮರುದಿನವೇ ಓಣಿಗೆ ಪಕ್ಷಗಳ ಬಣ್ಣ ಬಂತು. ನಗರಸಭೆ ಕಚೇರಿಯ ಎದುರಿನ ಮೈದಾನದಲ್ಲಿ ಪ್ರತಿಭಟನಾ ಸಭೆ ಎಂದು ನೇರಳೆಯವರು ಸಾರಿದರು. ಸಂಜೆಯ ಹೊತ್ತಿಗೆ ಕಂದಿನವರೂ ಸಾರಿದರು. ಅದೇ ಮೈದಾನ, ಅದೇ ದಿನ. ಎರಡೂ ಕೆಲಸ ಒಬ್ಬನೇ ಮೇಸ್ತ್ರಿಗೆ ಬಂದವು. ಅವನು ಕೈ ಉಜ್ಜಿಕೊಂಡ.

ಹಾರೆಯಕ್ಕ ಆ ಗುಂಡಿಗಳನ್ನು ಬೇರೆ ಥರ ತೋಡಿದಳು. ಜೀವಮಾನದಲ್ಲಿ ಮೊದಲ ಸಲ ವೇದಿಕೆಯೊಂದು ತನಗಾಗಿ ಏಳುತ್ತಿದೆ ಎಂದು ಅವಳಿಗೆ ಅನಿಸಿತ್ತು. ನೆಲ ಗಟ್ಟಿ, ಒಳಗೆಲ್ಲ ಹಳೇ ಜಲ್ಲಿ. ಕೈ ಬೊಕ್ಕೆ ಎದ್ದು ಒಡೆಯಿತು. ಬಟ್ಟೆ ಸುತ್ತಿಕೊಂಡು ತೋಡಿದಳು. ತೋಳು ಅರ್ಧ ಇಳಿದರೆ ಸಾಕಾಗಿದ್ದಲ್ಲಿ ಹೆಗಲ ತನಕ ಇಳಿಸಿದಳು. ಅವಳ ಸೋದರಮಾವ ಅದೇ ತಂಡದಲ್ಲಿ ಕಂಬ ಹತ್ತಿ ಗಂಟು ಕಟ್ಟುವವನು, ಎಲ್ಲರಿಗೂ ಕೋತಿಮಾವ. ಬಾವಿ ತೋಡ್ತಿದೀಯೇನೇ ಅಂತ ಮೇಲಿನಿಂದ ಕೂಗಿದ.

ಪಕ್ಷದವರಿಗೆ ಮಾತ್ರ ಬೀಗದ ನೆನಪೇ ಇದ್ದಂತಿರಲಿಲ್ಲ. ಯಾರ ವೇದಿಕೆ ಕಚೇರಿಯ ಮೆಟ್ಟಿಲಿಗೆ ಹತ್ತಿರ ಎಂದು ಜಗಳವಾಯಿತು. ಕಂದಿನವರ ವೇದಿಕೆ ಒಂದು ಗೇಣು ಎತ್ತರ ಕಂಡಿತೆಂದು ನೇರಳೆಯವರು ಹಲಗೆ ಏರಿಸಿದರು. ಅದನ್ನು ನೋಡಿ ಕಂದಿನವರೂ ಏರಿಸಿದರು. ಕೊನೆಗೆ ಎರಡೂ ಎದುರುಬದುರು ನಿಂತವು, ಜಗಳಗಂಟಿ ನೆಗೆಣ್ಣಿಯರ ಹಾಗೆ. ಹಾರೆಯಕ್ಕ ನೇರಳೆ ಕಾರ್ಯದರ್ಶಿಯ ಬಳಿ ಹೋಗಿ ಇಬ್ಬರೂ ಒಂದೇ ವೇದಿಕೆ ಮೇಲೆ ನಿಂತರೆ ಆಗಲ್ವಾ, ಗುಂಡಿನೂ ಕಮ್ಮಿ ಅಂದಳು. ಅವನು ಮೊದಲ ಸಲ ಅವಳ ಮುಖ ನೋಡಿದ.

"ನಿಮಗೆ ರಾಜಕೀಯ ಅರ್ಥ ಆಗಲ್ಲಮ್ಮ. ಅದಿರ್ಲಿ, ಆ ಓಣೀಲಿ ಹುಷಾರಿಲ್ದೆ ಇರೋ ಹುಡುಗಿ ನಿಮ್ಮ ಮಗಳಾ?"

ಅವರಿಗೆ ಆ ಹುಡುಗಿ ವೇದಿಕೆಯ ಮೇಲೆ ಬೇಕಿತ್ತು. ಮಾತಾಡುವುದೇನೂ ಬೇಡ, ಪಕ್ಷದ ನಾಯಕರಾದ ಸಾಹೇಬರ ಪಕ್ಕ ಕೂತರೆ ಸಾಕು. ಕಂದಿನವರಿಗೂ ಸುದ್ದಿ ಮುಟ್ಟಿ ಅವರ ಹಿರಿಯರು ಮನೆಗೇ ಬಂದರು. ನಮ್ಮ ಕಡೆ ಕೂರಿಸದಿದ್ದರೆ ನಾವು ಈ ವಿಷಯವನ್ನೇ ಕೈಬಿಡುತ್ತೇವೆ ಅಂದರು. ಹಾರೆಯಕ್ಕ ಮೊದಲು ಕೇಳಿದವರಿಗೆ ಹೂಂ ಅಂದಾಗಿತ್ತು. ಮಗಳನ್ನು ಒಂದು ಮಾತು ಕೇಳಿರಲಿಲ್ಲ.

ಮಗಳು ಗೋಡೆಯ ಕಡೆ ತಿರುಗಿ ಮಲಗಿ, ಬರಲ್ಲ ಅಂದಳು. ಶಾಲೆಯವರೆಲ್ಲ ನೋಡ್ತಾರೆ, ನನಗೇನಾಗಿದೆ ಅಂತ ಮೈಕಲ್ಲಿ ಹೇಳ್ತಾರೆ ಅಂದಳು.

"ಒಂದಿವ್ಸ ಕೂತ್ಕೊಳೇ. ಬಾಗಿಲು ತೆಗೆದ್ರೆ ಸಾಕಲ್ಲ ನಮಗೆ," ಅಂದಳು ಹಾರೆಯಕ್ಕ. ಭಾಷಣದವರ ದನಿ ತನ್ನ ಬಾಯಲ್ಲಿ ಬಂದದ್ದು ಅವಳ ಗಮನಕ್ಕೆ ಬರಲಿಲ್ಲ.

ಸಭೆಯ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಓಣಿಯ ಹೆಂಗಸರನ್ನು ಲಾರಿಯಲ್ಲಿ ತಂದು ಅರ್ಧ ಜನರನ್ನು ಅತ್ತ, ಅರ್ಧ ಜನರನ್ನು ಇತ್ತ ಕೂರಿಸಿದರು. ಪೊರಕೆಯಜ್ಜಿ ನೇರಳೆ ಟೋಪಿ ಹಾಕಿಕೊಂಡು ಕಂದಿನವರ ಕಡೆ ಕೂತಿದ್ದಳು, ಅಲ್ಲಿ ನೆರಳಿತ್ತು. ಹಾರೆಯಕ್ಕ ಸುತ್ತಿಗೆ ಹಿಡಿದು ನೇರಳೆ ವೇದಿಕೆಯ ಕೆಳಗೆ ನುಸುಳಿದಳು.

ಹಲಗೆಗಳ ಸಂದಿನಲ್ಲಿ ಅವಳಿಗೆ ಮಗಳ ಶೂಗಳು ಕಂಡವು. ಎಡಗಾಲಿನದಕ್ಕೆ ಕೋತಿಮಾವ ಸೈಕಲ್ ಟ್ಯೂಬಿನ ತೇಪೆ ಹಾಕಿದ್ದ. ಸಾಹೇಬರ ಹೊಳೆಯುವ ಚಪ್ಪಲಿ ಅದರ ಪಕ್ಕಕ್ಕೆ ಬಂತು. ಕುಡಿ ಮರಿ, ಫೋಟೋಗೆ ಎನ್ನುವುದು ಕೇಳಿಸಿತು. ಹಣ್ಣಿನ ರಸದ ದೊಡ್ಡ ಲೋಟ. ಮಗಳು ಬೇಡವೆಂದಳು. ಪೂರ್ತಿ ಕುಡಿ, ಎಲ್ರೂ ನೋಡ್ತಿದಾರೆ ಎಂದು ಯಾರೋ ಹೆಂಗಸು ಹೇಳಿದಳು.

ಭಾಷಣ ಶುರುವಾಯಿತು. ಎದುರಿನಿಂದಲೂ ಶುರುವಾಯಿತು. ಇತ್ತಲಿನ ಮೈಕು ಅತ್ತಲಿನವರನ್ನು ಆಳುವವರ ಬಾಲ ಅಂದಿತು. ಅತ್ತಲಿನ ಮೈಕು ಇತ್ತಲಿನವರನ್ನು ಆಳುವವರ ಎಂಜಲು ಅಂದಿತು. ಹಿಂದೆ ಯಾರು ಯಾರ ಜೊತೆ ಸೇರಿ ಯಾರಿಗೆ ಕೈಕೊಟ್ಟರು ಎಂಬುದರ ಇತಿಹಾಸ ಬಂತು. ಆಳುವವರ ಸುದ್ದಿ ಕಮ್ಮಿಯಾಯಿತು. ಬೀಗದ ಸುದ್ದಿ ಬರಲೇ ಇಲ್ಲ. ಹಾರೆಯಕ್ಕ ಕಾದಳು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಬೆಣೆ ಹೊಡೆಯುತ್ತ ಕಾದಳು.

ಶೂಗಳು ಒಂದಕ್ಕೊಂದು ಉಜ್ಜತೊಡಗಿದವು. ಹಿಮ್ಮಡಿ ಎದ್ದು ಕೂರುತ್ತಿತ್ತು, ಮತ್ತೆ ಎದ್ದು ಕೂರುತ್ತಿತ್ತು. ಆ ನಡುಕ ತಾಯಿಗೆ ಗೊತ್ತು. ಮೇಲೆ ಮಗಳ ದನಿ ಕೇಳಿತು.

"ಆಂಟಿ, ಹೊರಗೆ ಹೋಗ್ಬೇಕು."

"ಸ್ವಲ್ಪ ತಡ್ಕೋ ಮರಿ. ಸಾಹೇಬ್ರು ನಿನ್ನ ವಿಷಯಕ್ಕೇ ಬರ್ತಿದಾರೆ."

ಹಾರೆಯಕ್ಕ ಎದ್ದು ಹೋಗಬಹುದಿತ್ತು. ಬೆಣೆ ಬಿಟ್ಟು ಹೋದರೆ ಹಲಗೆ ಜಾರೀತು, ಮೇಸ್ತ್ರಿ ಕೆಲಸ ಬಿಡಿಸಿಯಾನು, ಬಾಗಿಲ ಮಾತು ಬರುವ ಹೊತ್ತಿಗೆ ಎಲ್ಲ ಕೆಟ್ಟೀತು. ತಡ್ಕೋ ಕಂದ ಎಂದು ಅವಳೂ ತುಟಿಯೊಳಗೇ ಅಂದಳು.

ಬಡವರು ಎಂಬ ಮಾತು ಬಂತು. ಸಾಹೇಬರು ಕಾಲು ಕುಟ್ಟಿದರು. ಅವಳು ಕಣ್ಣು ಮುಚ್ಚಿದಳು. ಧೂಳು ಉದುರಿತು. ಧೂಳಿನ ಹಿಂದೆ ಏನೋ ಹನಿಯಿತು. ಮುಂಗೈ ಮೇಲೆ ಒಂದು, ಹಣೆಯ ಮೇಲೆ ಒಂದು. ರಸ ಚೆಲ್ಲಿದರೇನೋ ಎಂದುಕೊಂಡಳು. ಅದು ಬೆಚ್ಚಗಿತ್ತು.

ಕಣ್ಣು ತೆರೆದಳು. ತೇಪೆಯ ಶೂ ಒದ್ದೆಯಾಗಿ ಕಪ್ಪಗಾಗಿತ್ತು. ಎರಡೂ ಶೂಗಳು ಈಗ ಅಲುಗುತ್ತಿರಲಿಲ್ಲ. ಸಾಹೇಬರ ಚಪ್ಪಲಿ ಮೆಲ್ಲಗೆ ಒಂದು ಹೆಜ್ಜೆ ದೂರ ಸರಿಯಿತು. ಭಾಷಣ ನಿಲ್ಲಲಿಲ್ಲ. ಅಯ್ಯೋ ಥೂ, ಕ್ಯಾಮೆರಾ ಆ ಕಡೆ ತಿರುಗಿಸ್ರೀ ಎಂದು ಅದೇ ಹೆಂಗಸಿನ ದನಿ ಕೇಳಿಸಿತು.

ಅವಳ ಕೈಯಲ್ಲಿ ಸುತ್ತಿಗೆಯಿತ್ತು. ನಡುವಿನ ಬೆಣೆಗೆ ಒಂದು ಏಟು ಕೊಟ್ಟರೆ ಸಾಹೇಬರೂ ಮೈಕೂ ಕಳಕಳಿಯೂ ಒಟ್ಟಿಗೆ ಕೆಳಗೆ ಬರುತ್ತಿದ್ದವು. ಕೈ ಎತ್ತಿಯೂ ಎತ್ತಿದಳು. ಆದರೆ ಮೇಲೆ ಮಗಳಿದ್ದಳು.

ಸುತ್ತಿಗೆ ಬಿಸಾಡಿ ಹಿಂದಿನಿಂದ ಹೊರಬಂದಳು. ವೇದಿಕೆಯ ಹಿಂಬದಿಗೆ ನೇರಳೆ ಬಟ್ಟೆ ಕಟ್ಟಿದ್ದರು, ಅದರ ತುಂಬ ಸಾಹೇಬರ ನಗುವ ಮುಖ. ಕೋತಿಮಾವನ ಗಂಟುಗಳು ಆನೆ ಎಳೆದರೂ ಬಿಡವು, ಹಗ್ಗದ ಬಾಲದ ತುದಿ ಹಿಡಿದು ಜಗ್ಗಿದರೆ ಮಗುವಿನ ಕೈಗೂ ಬಿಚ್ಚುತ್ತವೆ. ಅವಳು ತುದಿಗಳನ್ನು ಜಗ್ಗುತ್ತ ಹೋದಳು. ಬಟ್ಟೆ ಮಡಿಕೆಬಿದ್ದು ಕುರ್ಚಿಗಳ ಮೇಲೆ ಕವುಚಿತು. ಅವಳು ಮೆಟ್ಟಿಲು ಹತ್ತಿ, ಬಟ್ಟೆಯ ರಾಶಿಯನ್ನು ಎಳೆದು, ಮಗಳನ್ನು ಕತ್ತಿನಿಂದ ಕಾಲಿನ ತನಕ ಸುತ್ತಿ ಎತ್ತಿಕೊಂಡಳು. ಹುಡುಗಿ ಅಳುತ್ತಿರಲಿಲ್ಲ. ಹಲ್ಲು ಕಚ್ಚಿದ್ದಳು. "ಬೇಡ ಅಂದಿದ್ದೆ," ಅಂದಳು, ಅಷ್ಟೇ.

ಇದು ಎದುರಿನವರ ಕುತಂತ್ರ ಎಂದು ಸಾಹೇಬರು ಮೈಕಿನಲ್ಲಿ ಕೂಗಿದರು. ನಿಮ್ಮ ಬಟ್ಟೆ ನೀವೇ ಕಾಪಾಡ್ಕೊಳ್ಳಿ ಎಂದು ಎದುರಿನ ಮೈಕು ನಕ್ಕಿತು. ಆ ಕಡೆಯ ಜನರೂ ನಕ್ಕರು, ಓಣಿಯ ಹೆಂಗಸರ ಹೊರತು. ಅವರು ಹುಡುಗಿಯ ಶೂಗಳನ್ನು ನೋಡಿದ್ದರು.

ಹಾರೆಯಕ್ಕ ಮಗಳನ್ನು ಪೊರಕೆಯಜ್ಜಿಯ ಮಗ್ಗುಲಿಗೆ ಕೂರಿಸಿ, ನೇರಳೆ ಬಟ್ಟೆಯ ಬದಲು ಓಣಿಯವಳೊಬ್ಬಳ ದುಪ್ಪಟ್ಟ ಹೊದಿಸಿ ಹಾರೆ ತೆಗೆದುಕೊಂಡಳು. ನಗರಸಭೆಯ ಮೆಟ್ಟಿಲುಗಳ ಎದುರಿಗೇ ಜಾಗ ನೋಡಿ ಕುಕ್ಕಿದಳು. ಕೋತಿಮಾವ ಒಂದು ಗಳಿಗೆ ನೋಡಿದ. ಅವಳು ಅಳತೆ ಹಾಕಿದ ರೀತಿಯಲ್ಲೇ ಅವನಿಗೆ ತಿಳಿಯಿತು. ಜನರಿಗೆ ನೆರಳು ಕಟ್ಟಿದ್ದ ನಾಲ್ಕು ಬಿದಿರುಗಳ ಕಿತ್ತು ತಂದು ನಿಲ್ಲಿಸಿದ. ನಡುವೆ ಆಳದ ಗುಂಡಿಯಾಯಿತು, ಅದರ ಮೇಲೆ ಎರಡು ಹಲಗೆ. ಸುತ್ತ ನೇರಳೆ ಬಟ್ಟೆ. ಕಾರ್ಯದರ್ಶಿ ಓಡಿಬಂದ. ಬೆವತಿದ್ದ.

"ಏನ್ರೀ ಇದು? ಅದ್ರಲ್ಲಿ ಸಾಹೇಬ್ರ ಮುಖ ಇದೆ."

"ಮುಖ ಹೊರಗಡೆಗೆ ಮಾಡಿದೀವಿ ಸಾರ್," ಅಂದಳು ಹಾರೆಯಕ್ಕ. "ಒಳಗಿಂದು ಅವರಿಗೇನೂ ಕಾಣಲ್ಲ. ಇಷ್ಟು ದಿನ ಕಂಡಿಲ್ವಲ್ಲ, ಹಂಗೇ."

ಪೊರಕೆಯಜ್ಜಿ ಟೋಪಿ ತೆಗೆದಿಟ್ಟು ಎದ್ದು, ಜನರ ನಡುವೆ ನಡೆದು ಒಳಗೆ ಹೋದಳು. ಹೊರಬಂದವಳು, ಟಾರ್ಚು ಇಲ್ಲ ಕಣ್ರೇ, ಬನ್ನಿ ಅಂದಳು. ಹೆಂಗಸರು ಎದ್ದರು. ಎರಡೂ ಕಡೆಯವರು ಎದ್ದರು. ಸಾಲು ಬೆಳೆಯಿತು, ಒಂದು ಸಾಕಾಗಲಿಲ್ಲ. ಕೋತಿಮಾವ ಕಂದಿನವರ ವೇದಿಕೆಯ ಹಿಂದೆ ಹತ್ತಿದ. ನಗು ಅಲ್ಲಿ ನಿಂತಿತು. ಅಲ್ಲಿಯ ಗಂಟುಗಳೂ ಅವನವೇ. ಕಂದು ಬಟ್ಟೆ ಇಳಿದು ಬಂದು ನೇರಳೆಯ ಪಕ್ಕ ನಿಂತಿತು. ಆ ಮೈದಾನದಲ್ಲಿ ಆ ಎರಡು ಬಣ್ಣ ಅಷ್ಟು ಹತ್ತಿರ ನಿಂತದ್ದನ್ನು ಯಾರೂ ನೋಡಿರಲಿಲ್ಲ.

ಕಚೇರಿಯ ಕಿಟಕಿಯಿಂದ ಅಧಿಕಾರಿಯೊಬ್ಬರು ತಲೆ ಹಾಕಿ, ಲಿಖಿತವಾಗಿ ಮನವಿ ಕೊಡಿ, ಪರಿಶೀಲಿಸುತ್ತೇವೆ ಎಂದರು. ಸಾಲಿನಲ್ಲಿದ್ದ ಯಾರೂ ತಿರುಗಿ ನೋಡಲಿಲ್ಲ. ಅಜ್ಜಿ ಮಾತ್ರ, ಒಳಗೆ ಕೊಟ್ಟು ಬಂದಿದೀನಿ ಸಾರ್, ಪರಿಶೀಲನೆ ಮಾಡ್ಕೊಳ್ಳಿ ಅಂದಳು.

ನಾಯಕರಿಬ್ಬರೂ ತಂತಮ್ಮ ಕಾರು ಹತ್ತಿದರು, ಮೈದಾನದ ಬೇರೆ ಬೇರೆ ಬಾಗಿಲಿನಿಂದ ಹೊರಟರು. ಪೊಲೀಸರ ಜೀಪು ಬಂದು ಮೈದಾನದ ಅಂಚಿಗೆ ನಿಂತಿತು. ಹೆಂಗಸರ ಸಾಲಿಗೆ ಹೇಗೆ ನುಗ್ಗುವುದೆಂದು ತಿಳಿಯದೆ ಅವರು ಬೀಡಿ ಹಚ್ಚಿದರು. ಮೇಸ್ತ್ರಿ ಹಾರೆಯಕ್ಕನ ಹತ್ತಿರ ಬಂದ. ಕೂಗಾಡಲಿಲ್ಲ. ಮೊದಲು ಬೇಡಿಕೊಂಡ.

"ಆಯ್ತಲ್ಲ, ಸಿಟ್ಟು ತೀರ್ತಲ್ಲ. ಗುಂಡಿ ಮುಚ್ಚಿಬಿಡು. ನಾನು ಮಾತಾಡ್ತೀನಿ."

"ಇದು ಮುಚ್ಚಲ್ಲ ಮೇಸ್ತ್ರಿ."

"ತೋಡಿದವರು ಮುಚ್ಚಬೇಕು. ಕಟ್ಟಳೆ ಗೊತ್ತಲ್ಲ ನಿಂಗೆ. ನಾಳೆಯಿಂದ ಕೆಲಸ ಇರಲ್ಲ."

"ಅಲ್ಲಿ ಬಾಗಿಲು ತೆಗೀಲಿ. ತೆಗೆದ ಮೇಲೆ ಬಂದು ಮುಚ್ತೀನಿ."

ಅವನು ಅವಳ ಕೈಯಿಂದ ಹಾರೆ ಕಿತ್ತುಕೊಂಡ. ಹಾರೆ ಅವನದೇ. ಅವಳು ಬಿಟ್ಟುಕೊಟ್ಟಳು. ಬರಿಗೈ ಎಷ್ಟು ಹಗುರ, ಎಷ್ಟು ಭಯ ಎಂದು ಆಗ ತಿಳಿಯಿತು. ನಾಳೆ ಏನು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಜೀಪಿನವರು ಬೀಡಿ ಮುಗಿಸುತ್ತಿದ್ದರು.

ಅವಳು ಮಗಳ ಪಕ್ಕ ಕೂತಳು. ಕ್ಷಮಿಸು ಅನ್ನುವ ಮಾತು ಅವರ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಮಗಳ ಒದ್ದೆ ಶೂಗಳನ್ನು ಬಿಚ್ಚಿ, ಬಿಸಿಲಿಗೆ ಕವುಚಿಟ್ಟಳು. ಮಗಳು ಕಾಲು ಎಳೆದುಕೊಳ್ಳಲಿಲ್ಲ. ಸಾಲನ್ನೇ ನೋಡುತ್ತಿದ್ದಳು. ಹೆಂಗಸರು ಒಳಗೆ ಹೋಗುತ್ತಿದ್ದರು, ಆತುರವಿಲ್ಲದೆ ಹೊರಗೆ ಬರುತ್ತಿದ್ದರು.

ನೇರಳೆ ವೇದಿಕೆಯ ಮೇಜಿನ ಮೇಲೆ ಮುಚ್ಚಳ ತೆಗೆಯದ ನೀರಿನ ಬಾಟಲಿಗಳು ಹಾಗೇ ಉಳಿದಿದ್ದವು, ಸಾಹೇಬರಿಗೆಂದು ಇಟ್ಟವು.

"ಅಮ್ಮ, ಅದನ್ನ ಕೊಡು," ಅಂದಳು ಮಗಳು.

ಹಾರೆಯಕ್ಕ ತಂದುಕೊಟ್ಟಳು. ಹುಡುಗಿ ಮುಚ್ಚಳ ತಿರುವಿ ಬಾಯಿಗಿಟ್ಟಳು. ಗಂಟಲು ಏರಿ ಇಳಿಯಿತು, ಏರಿ ಇಳಿಯಿತು. ತುಟಿಯಂಚಿನಿಂದ ನೀರು ಕತ್ತಿಗೆ ಹರಿಯಿತು. ಬಾಟಲಿ ಖಾಲಿಯಾದ ಮೇಲೆ ಉಸಿರು ತೆಗೆದುಕೊಂಡು, ತಾಯಿಯ ಮುಖ ನೋಡದೆ, ಕೈ ಚಾಚಿದಳು.

"ಇನ್ನೊಂದು."